ರೆಸಿನ್ ಬೆಳ್ಳಗಾದ ದಿನ

ಕಕ್ಕಡ ತಿಂಗಳು, ಕೊಡಗಿನಲ್ಲಿ ಜೋರು ಮಳೆಗಾಲ. ಕುಶಾಲನಗರದ ನಮ್ಮ ಪುಟ್ಟ ಲ್ಯಾಬಿನಲ್ಲಿ ಬೆಳಿಗ್ಗೆಯಿಂದ ಕರೆಂಟ್ ಹೋಗಿ ಬರುತ್ತಿತ್ತು. 1 ಲೀಟರ್ ಇ. ಕೋಲಿ ಬ್ಯಾಕ್ಟೀರಿಯಾ ಬೆಳೆಸಿ, 18 ಡಿಗ್ರಿಯಲ್ಲಿ ರಾತ್ರಿಯಿಡೀ ಪ್ರೋಟೀನ್ ಮಾಡಿಸಿದ್ದೆ. ಕೋಶಗಳನ್ನು ಒಡೆದು, ತಿಳಿಯನ್ನು ನಿಕಲ್ ಕಾಲಮ್ಮಿಗೆ, ಅಂದರೆ ನಿಕಲ್ ಅಂಟಿಸಿದ ರೆಸಿನ್ ಮಣಿಗಳನ್ನು ತುಂಬಿದ ಕೊಳವೆಗೆ, ಹಾಕಿದೆ. ನೋಡನೋಡುತ್ತಿದ್ದ ಹಾಗೇ ತಿಳಿನೀಲಿ ರೆಸಿನ್ ಮೇಲಿನಿಂದ ಬೆಳ್ಳಗಾಗುತ್ತಾ ಬಂತು.

ಎದೆ ಧಸಕ್ಕೆಂದಿತು. ಆ ನೀಲಿ ಬಣ್ಣವೇ ನಿಕಲ್. ಅದು ಹೋದರೆ ಪ್ರೋಟೀನಿನ ತುದಿಯಲ್ಲಿರುವ 6 ಹಿಸ್ಟಿಡಿನ್ ಎಂಬ ಅಮೈನೋ ಆಮ್ಲಗಳಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಕೋಶದ ಕಿಣ್ವಗಳು ಪ್ರೋಟೀನನ್ನು ತುಂಡರಿಸದಿರಲಿ ಅಂತ ಹಾಕಿದ್ದ ಇನ್ಹಿಬಿಟರ್ ಮಾತ್ರೆಯ ಡಬ್ಬ ತಿರುಗಿಸಿ ನೋಡಿದೆ. ಅದರಲ್ಲಿ ಲೋಹಗಳನ್ನು ಹಿಡಿದುಕೊಳ್ಳುವ ಇಡಿಟಿಎ ಎಂಬ ರಾಸಾಯನಿಕ ಇತ್ತು. ಅದೇ ನಿಕಲ್ಲನ್ನು ಎಳೆದುಕೊಂಡು ಹೋಗಿತ್ತು. ಇಡಿಟಿಎ ಇಲ್ಲದ ಮಾತ್ರೆಯೂ ಸಿಗುತ್ತದೆ. ನಾನು ಓದದೇ ಹಾಕಿದ್ದೆ.

ಕಾಲಮ್ಮಿನಿಂದ ಇಳಿದ ನೀರನ್ನು ಚೆಲ್ಲಿರಲಿಲ್ಲ, ಅದೇ ಪುಣ್ಯ. ಪ್ರೋಟೀನೆಲ್ಲ ಅದರಲ್ಲೇ ಇತ್ತು. ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಜೆಲ್ ಓಡಿಸಿ, ನಿಮ್ಮ ಪ್ರೋಟೀನಿನ ಬ್ಯಾಂಡ್ ಕಣ್ಣಿಗೆ ಬೀಳುವವರೆಗೂ ಯಾವ ಟ್ಯೂಬನ್ನೂ ಎಸೆಯಬೇಡಿ. ಇಡಿಟಿಎ ಹೊರಹೋಗಿ ಪ್ರೋಟೀನ್ ಒಳಗೇ ಉಳಿಯಲಿ ಅಂತ ಆ ನೀರನ್ನು ಸಣ್ಣ ರಂಧ್ರಗಳ ಡಯಾಲಿಸಿಸ್ ಚೀಲಕ್ಕೆ ತುಂಬಿ ಬಫರ್ ದ್ರಾವಣದಲ್ಲಿ ಮುಳುಗಿಸಿದೆ. ರಾತ್ರಿ ಕರೆಂಟ್ ಹೋದರೆ ಅಂತ ಬೀಕರನ್ನು ಥರ್ಮೋಕೋಲ್ ಡಬ್ಬದಲ್ಲಿ ಐಸಿನ ಮಧ್ಯೆ ಇಟ್ಟೆ. ಎರಡು ಸಲ ಎದ್ದು ಬಂದು ಬಫರ್ ಬದಲಾಯಿಸಿದೆ.

ರೆಸಿನ್ನಿಗೆ ಮತ್ತೆ ನಿಕಲ್ ಕುಡಿಸಬಹುದು. ಮೊದಲು ಉಳಿದ ನಿಕಲ್ಲನ್ನೂ ಇಡಿಟಿಎಯಿಂದಲೇ ಪೂರ್ತಿ ತೆಗೆದೆ. ಆಮೇಲೆ ಬರೀ ನೀರಿನಲ್ಲಿ ಚೆನ್ನಾಗಿ ತೊಳೆದೆ. ಇಡಿಟಿಎ ಉಳಿದರೆ ಹೊಸ ನಿಕಲ್ಲನ್ನೂ ಕಿತ್ತುಕೊಳ್ಳುತ್ತದೆ, ಬಫರಿನ ಫಾಸ್ಫೇಟ್ ಉಳಿದರೆ ನಿಕಲ್ ಜೊತೆ ಗಷ್ಟು ಕಟ್ಟುತ್ತದೆ. ನಂತರ 100 ಮಿಲಿಮೋಲಾರ್ ನಿಕಲ್ ಸಲ್ಫೇಟ್ ಬಿಟ್ಟೆ. ಹನಿ ಇಳಿದಂತೆಲ್ಲ ನೀಲಿ ತಿರುಗಿ ಬಂತು. ಆ ಬಣ್ಣ ನೋಡಿದಾಗ ಆದ ಖುಷಿ ಇವತ್ತಿಗೂ ನೆನಪಿದೆ.

ಮರುದಿನ ಪ್ರೋಟೀನ್ ರೆಸಿನ್ ಮೇಲೆ ಕೂತಿತು. ಅದರ ಜೊತೆ ಅಂಟಿದ ಬೇರೆ ಪ್ರೋಟೀನ್‌ಗಳನ್ನು ಇಮಿಡಜೋಲ್ ಎಂಬ ರಾಸಾಯನಿಕದಿಂದ ತೊಳೆಯಬೇಕು. ಇಮಿಡಜೋಲ್ ಹಿಸ್ಟಿಡಿನ್ ಥರದ್ದೇ ಅಲ್ವಾ, ಜಾಸ್ತಿಯಾದರೆ ಪ್ರೋಟೀನನ್ನು ನಿಕಲ್ಲಿನಿಂದ ಎಬ್ಬಿಸುತ್ತದೆ. ಅದಕ್ಕೇ 20, 30, 40 ಮಿಲಿಮೋಲಾರ್ ಅಂತ ಮೆಟ್ಟಿಲು ಮೆಟ್ಟಿಲಾಗಿ ತೊಳೆದೆ. 40ರಲ್ಲಿ ನನ್ನ ಪ್ರೋಟೀನೂ ಸ್ವಲ್ಪ ಸೋರಿತು, ಹಾಗಾಗಿ ಈಗ 30ಕ್ಕೇ ನಿಲ್ಲಿಸುತ್ತೇನೆ. ನಿಮ್ಮ ಪ್ರೋಟೀನಿಗೆ ಎಷ್ಟು ಅಂತ ಜೆಲ್ಲೇ ಹೇಳಬೇಕು. ಕೊನೆಗೆ 250ರಲ್ಲಿ ಇಳಿಸಿದೆ. ಪ್ರೋಟೀನಿನ ಹಾಗೆ ಇಮಿಡಜೋಲ್ ಕೂಡ 280 ನ್ಯಾನೊಮೀಟರಿನಲ್ಲಿ ಬೆಳಕು ಹೀರುತ್ತದೆ, ಅದಕ್ಕೆ ಬ್ರಾಡ್‌ಫರ್ಡ್ ಎಂಬ ಬಣ್ಣದ ದ್ರಾವಣ ಹಾಕಿ ಪ್ರೋಟೀನ್ ಎಷ್ಟಿದೆ ಅಂತ ಅಳೆದೆ.

ನಿಕಲ್ ಬೆರೆತ ನೀರನ್ನು ಮಾತ್ರ ಸಿಂಕಿಗೆ ಬಿಡುವುದಿಲ್ಲ. ಗ್ಲೌಸ್ ಹಾಕಿಕೊಂಡು ಬೇರೆ ಕ್ಯಾನಿಗೆ ತುಂಬಿಡುತ್ತೇನೆ. ಪಕ್ಕದಲ್ಲೇ ಕಾವೇರಿ ಹರಿಯುತ್ತಾಳೆ.