ಪೇಟೆ ಮಧ್ಯದ ಬನ ಉಳಿಸ್ಬೇಕಾ? ಮೊದ್ಲು ಪೊರಕೆ ಕೆಳಗಿಡಿ

ನಮ್ಮ ಮನೆ ಹಿಂದೆ ಒಂದು ನಾಗಬನ ಉಂಟು, ಅಂದ್ರೆ ನಾಗನಿಗೆ ಅಂತ ಬಿಟ್ಟ ಕಾಡು, ಒಂದು ಬದಿ ಫ್ಲ್ಯಾಟು, ಇನ್ನೊಂದು ಬದಿ ವರ್ಕ್‌ಶಾಪು, ನಡುವೆ ಮೂವತ್ತು ಸೆಂಟ್ಸ್ ಕಾಡು. ಕಾಸರಗೋಡಿನ ಏಪ್ರಿಲ್ ಬಿಸಿಲಲ್ಲೂ ಒಳಗೆ ಕಾಲಿಟ್ರೆ ತಣ್ಣಗೆ. ನಾವೊಂದು ಹತ್ತು ಜನ ಸೇರಿ ಕೆಲವು ವರ್ಷದಿಂದ ಅದನ್ನು ನೋಡ್ಕೊಳ್ತಾ ಇದ್ದೇವೆ. ಮೊನ್ನೆ ಮಂಜೇಶ್ವರದವ್ರೊಬ್ರು "ನಮ್ಮಲ್ಲೂ ಒಂದು ಉಂಟು ಮಾರಾಯ್ರೆ, ಎಲ್ಲಿಂದ ಶುರು ಮಾಡುದು" ಅಂತ ಕೇಳಿದ್ರು, ಅವ್ರಿಗೆ ಹೇಳಿದ್ದನ್ನೇ ಬರೀತೇನೆ.

ಗಿಡ ನೆಡ್ಲಿಕ್ಕೆ ಹೋಗ್ಬೇಡಿ. ನಾವು ಮಾಡಿದ ಮೊದ್ಲ ತಪ್ಪೇ ಅದು. ಜೂನ್ 5ಕ್ಕೆ, ಪರಿಸರ ದಿನ ಅಂತ, ಎಲ್ಲ ಉತ್ಸಾಹದಲ್ಲಿ ಬಂದು ತರಗೆಲೆ ಗುಡಿಸಿ, ರಾಶಿ ಹಾಕಿ ಬೆಂಕಿ ಕೊಟ್ಟು, ಯಾರೋ ಫ್ರೀಯಾಗಿ ಕೊಟ್ಟ ಮಹಾಗನಿ ನೆಟ್ಟು ಫೋಟೋ ತೆಗ್ದು ಹೋದೆವು. ಆ ತರಗೆಲೆ ಅಡಿಯಲ್ಲೇ ರೆಂಜೆ, ನೇರಳೆ, ಹೆಬ್ಬಲಸಿನ ಸಸಿ ಎಷ್ಟೋ ಇದ್ವು, ಒಂದೂ ಉಳೀಲಿಲ್ಲ. ಬನ ಮನೆಯಂಗಳ ಅಲ್ಲ. ತರಗೆಲೆ ಕೊಳೆತ್ರೇ ಮಣ್ಣು, ಮಣ್ಣಿದ್ರೇ ಮಳೆನೀರು ಮುರಕಲ್ಲಿನೊಳಗೆ ಇಳಿಯುದು, ಹತ್ತಿರದ ಬಾವಿಗಳಿಗೂ ಒಳ್ಳೇದೇ. ನಾಗನ ಕಲ್ಲಿನವರೆಗೆ ಹೋಗುವ ಕಾಲುದಾರಿ ಮಾತ್ರ ಗುಡಿಸಿ, ಬಾಕಿ ಹಾಗೇ ಬಿಡಿ.

ಆಮೇಲೆ ಕಾಗದಪತ್ರ. ಜಾಗ ಯಾರ ಹೆಸರಲ್ಲುಂಟು, ತರವಾಡಾ (ಕೂಡುಕುಟುಂಬದ್ದು), ಟ್ರಸ್ಟಾ, ಪುರಂಬೋಕಾ (ಸರ್ಕಾರಿ ಜಾಗ), ಅದು ವಿಲೇಜ್ ಆಫೀಸಲ್ಲಿ ನೋಡ್ಬೇಕು. ತರವಾಡಿನದ್ದಾದ್ರೆ ಪಾಲುದಾರರು ಇಪ್ಪತ್ತು ಮೂವತ್ತು ಜನ ಇರ್ತಾರೆ, ಅರ್ಧ ಜನ ಬೊಂಬಾಯಿ, ದುಬೈ. ಎಲ್ಲರನ್ನೂ ಒಂದು ವಾಟ್ಸಾಪ್ ಗ್ರೂಪಿಗೆ ಹಾಕಿ, ಗಡಿ ಅಳತೆ ಮಾಡ್ಸಿ. ಕಾಂಪೌಂಡ್ ಗೋಡೆ ಮಾತ್ರ ಬೇಡ, ಪಾಯ ತೆಗೆಯುವಾಗ ದೊಡ್ಡ ಮರದ ಬೇರು ಕಡಿದು ಹೋಗ್ತದೆ, ನಮ್ಮಲ್ಲಿ ಹಾಗೆ ಒಂದು ಹಳೇ ಹಾಲೆಮರ ಎರಡೇ ಮಳೆಗಾಲದಲ್ಲಿ ಒಣಗಿತು. ಬೇಲಿ ಸಾಕು.

ಈಗ ಕಷ್ಟದ ವಿಷಯ, ಜೀರ್ಣೋದ್ಧಾರ. ಬಿಲ್ಡರ್ ಬಂದು ಹಾಳು ಮಾಡಿದ ಬನಕ್ಕಿಂತ ನಾವೇ ಭಕ್ತಿಯಿಂದ ಹಾಳು ಮಾಡಿದ್ದು ಜಾಸ್ತಿ ಅಂತ ನನ್ನ ಅಭಿಪ್ರಾಯ, ಬೇಜಾರಾದ್ರೆ ಕ್ಷಮೆ ಇರ್ಲಿ. ಮರ ಕಡಿದು, ಕಾಂಕ್ರೀಟ್ ಕಟ್ಟೆ ಕಟ್ಟಿ, ಸುತ್ತ ಇಂಟರ್‌ಲಾಕ್ ಹಾಕಿ, ಮೇಲಿಂದ ಶೀಟ್ ಹೊದೆಸಿ "ಬನ ಚಂದ ಆಯ್ತು" ಅನ್ನುದು. ಜ್ಯೋತಿಷ್ಯದ ಪ್ರಶ್ನೆ ಇಡ್ಸುವ ಮೊದ್ಲೇ, ಎಸ್ಟಿಮೇಟ್ ಬರುವ ಮೊದ್ಲೇ ತಂತ್ರಿಗಳ ಹತ್ರ ಹೋಗಿ "ಮರ ಮುಟ್ಟದೆ ಮಾಡ್ಲಿಕ್ಕಾಗ್ತದಾ" ಅಂತ ನೇರ ಕೇಳಿ. ನಾವು ಹೆದರ್ಕೊಂಡೇ ಕೇಳಿದ್ದು. ಅವ್ರು ನಕ್ಕು "ನಾಗನಿಗೆ ನೆರಳು ಬೇಡ ಅಂತ ಹೇಳಿದ್ದು ಯಾರು?" ಅಂದ್ರು. ಇಂಟರ್‌ಲಾಕ್ ಬೇಕಾಗಿದ್ದದ್ದು ನಮ್ಮ ಕಮಿಟಿಗೇ.

ಮರಗಳ ಪಟ್ಟಿ ಮಾಡ್ಲಿಕ್ಕೆ ಎಕ್ಸ್‌ಪರ್ಟ್ ಸಿಗುವವರೆಗೆ ಕಾಯ್ಬೇಡಿ, ಊರಿನ ಅಜ್ಜಿಯಂದಿರನ್ನು ಕರ್ಕೊಂಡು ಒಂದು ಸುತ್ತು ಹೊಡೀರಿ, ತುಳು, ಕನ್ನಡ, ಮಲಯಾಳ ಮೂರೂ ಹೆಸರು ಬರ್ಕೊಳ್ಳಿ. ಕಾಸರಕನ ಮರ ಇದ್ರೆ ಮಕ್ಕಳಿಗೆ ತೋರ್ಸಿ. ಕಾಸರಗೋಡು ಅನ್ನುವ ಹೆಸರು ಅದ್ರಿಂದಲೇ ಬಂದದ್ದು ಅಂತ ಹೇಳ್ತಾರೆ, 2023ರಲ್ಲಿ ಅದನ್ನೇ ಜಿಲ್ಲೆಯ ಮರ ಅಂತ ಘೋಷಣೆನೂ ಮಾಡಿದ್ರು. ಆದ್ರೆ ಅದು ವಿಷ, ಬೀಜವೂ ತೊಗಟೆಯೂ. ಆಟಿ ಅಮಾವಾಸ್ಯೆಗೆ ಕಷಾಯ ಕುಡೀಲಿಕ್ಕೆ ಹಾಲೆಮರದ ಕೆತ್ತೆ (ತೊಗಟೆ) ತೆಗೀಲಿಕ್ಕೆ ನಸುಕಲ್ಲಿ ಟಾರ್ಚ್ ಹಿಡ್ಕೊಂಡು ಹೋಗ್ತಾರಲ್ಲ, ಗುರ್ತ ಇಲ್ಲದವ್ರು ಕತ್ತಲೆಯಲ್ಲಿ ಕಾಸರಕನ ತೊಗಟೆ ತಂದ್ರೆ ಕತೆ ಮುಗೀತು. ನಾವು ಹಿಂದಿನ ದಿನ ಹಗಲಲ್ಲೇ ಹಾಲೆಮರಕ್ಕೆ ಬಿಳಿ ಬಟ್ಟೆ ಕಟ್ಟಿಡ್ತೇವೆ.

ಕಳೆ ಕೀಳುದು ಮಳೆಗಾಲದಲ್ಲಿ, ಮಣ್ಣು ಮೆತ್ತಗಿರುವಾಗ. ಕಮ್ಯುನಿಸ್ಟ್ ಗಿಡ ಬುಡಸಮೇತ ಬರ್ಬೇಕು, ಕತ್ತಿಯಲ್ಲಿ ಸವರಿದ್ರೆ ಇನ್ನೂ ದಟ್ಟವಾಗಿ ಚಿಗುರ್ತದೆ, ಮತ್ತೆ ಚಳಿಗಾಲದಲ್ಲಿ ಹೂ ಬಿಟ್ಟು ಬೀಜ ಗಾಳಿಗೆ ಹಾರಿದ್ರೆ ಮುಗೀತು. ಯಾರದ್ದೋ ಗಾರ್ಡನಿಂದ ತಪ್ಪಿಸ್ಕೊಂಡು ಬಂದ ಹಳದಿ ಹೂವಿನ ಸಿಂಗಾಪುರ್ ಡೈಸಿ ಇನ್ನೂ ಉಪದ್ರ, ತುಂಡು ಬಿದ್ದಲ್ಲೇ ಬೇರು ಬಿಡ್ತದೆ, ಕಿತ್ತದ್ದನ್ನು ಅಲ್ಲೇ ಬಿಸಾಡ್ಬೇಡಿ. ಅಕೇಶಿಯಾ ಇದ್ರೆ ಒಟ್ಟಿಗೆ ಕಡೀಬೇಡಿ, ಒಮ್ಮೆಲೇ ಬಿಸಿಲು ಬಿದ್ರೆ ಆ ಜಾಗವನ್ನೂ ಕಳೆಯೇ ಹಿಡೀತದೆ. ವರ್ಷಕ್ಕೆ ಒಂದೋ ಎರಡೋ.

ಖಾಲಿ ಜಾಗ ಇದ್ದಲ್ಲಿ ಮಾತ್ರ ನೆಡಿ, ಅದೂ ಅದೇ ಬನದ ಬೀಜದಿಂದ. ಬೋಗಿ, ಧೂಪ ಇವೆಲ್ಲ ಮಳೆ ಶುರುವಾಗುವ ಹೊತ್ತಿಗೆ ಉದುರ್ತವೆ. ಒಣಗ್ಸಿ ಡಬ್ಬದಲ್ಲಿಟ್ರೆ ಸತ್ತು ಹೋಗ್ತದೆ, ಅದೇ ವಾರ ನೆರಳಲ್ಲಿ ಹಾಕ್ಬೇಕು. ಮಿಯಾವಾಕಿ, ಅಂದ್ರೆ ಒತ್ತೊತ್ತಾಗಿ ಗಿಡ ನೆಟ್ಟು ಕಾಡು ಮಾಡುವ ಜಪಾನಿ ಪದ್ಧತಿ, ಅಂತ ಯಾರಾದ್ರೂ ಬಂದ್ರೆ ಬರಡು ಜಾಗ ತೋರ್ಸಿ ಕಳ್ಸಿ. ಇರುವ ಕಾಡಲ್ಲಿ ಗುಂಡಿ ತೋಡುದು ಯಾಕೆ?

ನಾಗರಪಂಚಮಿ ಮರುದಿನ ಹಾಲಿನ ಪ್ಯಾಕೆಟು, ಅರಸಿನದ ಪ್ಲಾಸ್ಟಿಕು, ಕರ್ಪೂರದ ಡಬ್ಬಿ, ಕೇಳ್ಬೇಡಿ. ಈಗ ಗೇಟಲ್ಲೇ ಎರಡು ಸ್ಟೀಲ್ ಪಾತ್ರೆ ಇಡ್ತೇವೆ, ಹಾಲು ಅದಕ್ಕೆ ಹೊಯ್ದು ಕವರ್ ಅಲ್ಲೇ ಕೊಟ್ಟು ಒಳಗೆ ಹೋಗ್ಬೇಕು. ಕವರೆಲ್ಲ ಮನೆಮನೆಯಿಂದ ಪ್ಲಾಸ್ಟಿಕ್ ಕಸ ಒಯ್ಯುವ ಹರಿತ ಕರ್ಮಸೇನೆಯವ್ರಿಗೆ.

ಸರ್ಕಾರದ ಕಡೆಯಿಂದ ಎರಡು ದಾರಿ ಉಂಟು. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯತು, ಮುನ್ಸಿಪಾಲಿಟಿಯಲ್ಲೂ ಒಂದು ಜೀವವೈವಿಧ್ಯ ಸಮಿತಿ ಇರ್ಬೇಕು, ಅವರು ಊರಿನ ಜೀವವೈವಿಧ್ಯದ ರಿಜಿಸ್ಟರ್ ಇಡ್ಬೇಕು. ಅದ್ರಲ್ಲಿ ನಿಮ್ಮ ಬನ ಬರ್ಲಿ, ನಾಳೆ ರೋಡೋ ಮತ್ತೊಂದೋ ಬಂದಾಗ ತೋರ್ಸ್ಲಿಕ್ಕೆ ಕೈಯಲ್ಲೊಂದು ದಾಖಲೆ ಇರ್ತದೆ. ಇನ್ನೊಂದು, ಅರಣ್ಯ ಇಲಾಖೆಯ ಸೋಶಿಯಲ್ ಫಾರೆಸ್ಟ್ರಿಯವ್ರು ಕಾವುಗಳ (ಬನಕ್ಕೆ ಮಲಯಾಳದಲ್ಲಿ ಕಾವು ಅಂತಾರೆ) ಸಂರಕ್ಷಣೆಗೆ ಸಹಾಯಧನ ಕೊಡ್ತಾರೆ. ಅರ್ಜಿ ಕನ್ನಡದಲ್ಲೇ ಬರೀರಿ, ಭಾಷಾ ಅಲ್ಪಸಂಖ್ಯಾತರಿಗೆ ಆ ಹಕ್ಕುಂಟು. ನಾನು ಹೋದ ಒಂದು ಕಚೇರಿಯಲ್ಲಿ "ಮಲಯಾಳದಲ್ಲಿ ತನ್ನಿ" ಅಂದ್ರು, ಅಲ್ಲೇ ಬೆಂಚಲ್ಲಿ ಕೂತೆ, ಮಧ್ಯಾಹ್ನಕ್ಕೆ ತಗೊಂಡ್ರು.

ಪುರ್ಸೊತ್ತಿದ್ರೆ ಮಕ್ಕಳನ್ನು ಕರ್ಕೊಂಡು ತೃಕ್ಕರಿಪುರ ಕಡೆ ಇಡಯಿಲಕ್ಕಾಡ್ ಕಾವಿಗೆ ಹೋಗಿ ಬನ್ನಿ, ಹಿನ್ನೀರಿನ ನಡುವೆ ಇರುವ ಕಾಡು, ಮಂಗಗಳ ಹಿಂಡೇ ಉಂಟು, ತಿಂಡಿ ಪ್ಯಾಕೆಟ್ ಮಾತ್ರ ಕೈಯಲ್ಲಿ ಹಿಡ್ಕೊಳ್ಬೇಡಿ.

ಬೋಗಿ ಬೀಜ ಬೇಕಾದವ್ರು ಮಳೆ ಹಿಡಿದ ಮೊದ್ಲ ವಾರ ನಮ್ಮಲ್ಲಿಗೆ ಬನ್ನಿ. ಗೋಣಿ ತನ್ನಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ್ರೆ ಮನೆ ಮುಟ್ಟುವಷ್ಟರಲ್ಲಿ ಬೆಂದು ಹೋಗ್ತದೆ.