ಬ್ಲೂಗ್ರಾಸ್ ಮೇಳಕ್ಕೆ ಮೈಕ್ ಇಟ್ಟ ಬಗೆ: ನನ್ನ ಅನುಭವ

ಕೆಲಸದ ನಿಮಿತ್ತ ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ರಾಲಿಗೆ ಬಂದು ನೆಲೆಸಿದ ಮೇಲೆ ನನಗೆ ಬ್ಲೂಗ್ರಾಸ್ ಎಂಬ, ತಂತಿವಾದ್ಯಗಳನ್ನೇ ನೆಚ್ಚಿದ ಅಮೆರಿಕದ ಹಳ್ಳಿಗಾಡಿನ ಸಂಗೀತದ ಪರಿಚಯವಾಯಿತು. ಚರ್ಮದ ಮುಖವುಳ್ಳ ತಂತಿವಾದ್ಯವಾದ ಬ್ಯಾಂಜೊವನ್ನು ಮೂರು ಬೆರಳುಗಳಿಂದ ನುಡಿಸುವ ಶೈಲಿಯನ್ನು ಮನೆಮಾತಾಗಿಸಿದ ಅರ್ಲ್ ಸ್ಕ್ರಗ್ಸ್ 1924ರಲ್ಲಿ ಹುಟ್ಟಿದ್ದು ಇದೇ ರಾಜ್ಯದ ಕ್ಲೀವ್‌ಲ್ಯಾಂಡ್ ಕೌಂಟಿಯಲ್ಲಿ. ಈ ಸಂಗೀತದ ಅಂತರರಾಷ್ಟ್ರೀಯ ಸಂಘದ ವಾರ್ಷಿಕ ಸಮಾವೇಶವೂ 2013ರಿಂದ 2024ರವರೆಗೆ ರಾಲಿಯಲ್ಲೇ ನಡೆಯಿತು. ನಮ್ಮ ಬಡಾವಣೆಯ ಐವರು ಗೆಳೆಯರ ಮೇಳವೊಂದು ಹಳೆಯ ಮರದ ಸಭಾಂಗಣದಲ್ಲಿ ಎಂಬತ್ತು ಜನರ ಮುಂದೆ ಧ್ವನಿವರ್ಧಕವಿಲ್ಲದೆ ಹಾಡುವುದೆಂದು ನಿಶ್ಚಯವಾದಾಗ, ಅದನ್ನು ಮುದ್ರಿಸಿಕೊಡುವ ಹೊಣೆಯನ್ನು ನಾನು ಹೊತ್ತುಕೊಂಡೆ. ಗಿಟಾರ್, ಬ್ಯಾಂಜೊ, ಮ್ಯಾಂಡೊಲಿನ್, ಪಿಟೀಲು, ಡಬಲ್ ಬಾಸ್ (ನಿಂತು ನುಡಿಸುವ, ತಗ್ಗು ಸ್ವರದ ದೊಡ್ಡ ತಂತಿವಾದ್ಯ) ಎಂಬ ಐದು ವಾದ್ಯಗಳು, ಹಾಡುವವರು ಮೂವರು.

ಮೊದಲ ಅಭ್ಯಾಸದ ದಿನ ನಾನು ವಾದ್ಯಕ್ಕೊಂದರಂತೆ ಐದು ಮೈಕ್‌ಗಳನ್ನೂ ಗಾಯಕರಿಗೆ ಮೂರನ್ನೂ ಇಟ್ಟೆ. ಮೈಸೂರಿನಲ್ಲಿದ್ದಾಗ ಕರ್ನಾಟಕ ಸಂಗೀತದ ಕಚೇರಿಗಳನ್ನು ಮುದ್ರಿಸುತ್ತಿದ್ದ ನನಗೆ ರೂಢಿಯಾಗಿದ್ದ ಕ್ರಮ ಅದೇ. ಕಚೇರಿಯಲ್ಲಿ ಕಲಾವಿದರು ಕುಳಿತ ಜಾಗ ಬಿಟ್ಟು ಕದಲುವುದಿಲ್ಲ. ಪಿಟೀಲಿನವರಿಗೂ ಮೃದಂಗದವರಿಗೂ ನಡುವೆ ಒಂದೆರಡು ಮೀಟರ್ ಅಂತರವಿರುತ್ತದೆ. ಇಲ್ಲಿಯಾದರೋ ಐವರೂ ಹೆಗಲಿಗೆ ಹೆಗಲು ತಾಗುವಷ್ಟು ಹತ್ತಿರ ನಿಂತು, ಹಾಡಿನುದ್ದಕ್ಕೂ ಮುಂದೆ ಹಿಂದೆ ಸರಿಯುತ್ತಿರುತ್ತಾರೆ.

ಮನೆಗೆ ಬಂದು ಕೇಳಿದಾಗ ಪ್ರತಿ ವಾದ್ಯವೂ ಬಿಡಿಯಾಗಿ ಚೆನ್ನಾಗಿತ್ತು, ಆದರೆ ಎಲ್ಲವನ್ನೂ ಕೂಡಿಸಿದ ಕೂಡಲೇ ಡಬ್ಬದೊಳಗಿನಿಂದ ಬಂದಂತೆ ಟೊಳ್ಳಾಯಿತು. ಬ್ಯಾಂಜೊದ ನಾದ ತನ್ನ ಮೈಕ್ ಅನ್ನು ಮುಟ್ಟಿದ ಮೇಲೆ, 60 ಸೆಂಟಿಮೀಟರ್ ಹೆಚ್ಚು ದೂರ ಸಾಗಿ ಪಕ್ಕದ ಮ್ಯಾಂಡೊಲಿನ್ ಮೈಕ್ ಅನ್ನೂ ಮುಟ್ಟುತ್ತಿತ್ತು. ಅಷ್ಟು ದೂರಕ್ಕೆ ಶಬ್ದಕ್ಕೆ ಬೇಕಾಗುವ ಸಮಯ ಸುಮಾರು 1.75 ಮಿಲಿಸೆಕೆಂಡ್. ಈ ಎರಡನ್ನು ಕೂಡಿಸಿದಾಗ 285 ಹರ್ಟ್ಸ್ ಆಸುಪಾಸಿನಲ್ಲಿ ಒಂದು ತಗ್ಗು (ಎರಡು ಅಲೆಗಳು ಒಂದನ್ನೊಂದು ಅಳಿಸಿ ಸದ್ದು ಕುಗ್ಗುವ ಜಾಗ), 860ರ ಹತ್ತಿರ ಇನ್ನೊಂದು, ಹೀಗೆ ಮೇಲಿನವರೆಗೂ ಬಾಚಣಿಗೆಯ ಹಲ್ಲುಗಳಂತೆ ತಗ್ಗುಗಳು ಬೀಳುತ್ತವೆ. ಗಂಡು ಕಂಠದ ಮೈಯೂ ಗಿಟಾರ್‌ನ ಬೆಚ್ಚನೆಯ ಭಾಗವೂ ಇರುವುದು ಇದೇ ಜಾಗದಲ್ಲಿ. ಮೈಕ್‌ಗೂ ವಾದ್ಯಕ್ಕೂ ಇರುವ ದೂರದ ಕನಿಷ್ಠ ಮೂರು ಪಟ್ಟು ಅಂತರ ಎರಡು ಮೈಕ್‌ಗಳ ನಡುವೆ ಇರಬೇಕೆಂಬ ಹಳೆಯ ನಿಯಮವೊಂದಿದೆ. ಅದನ್ನು ಪಾಲಿಸಬೇಕಾದರೆ 60 ಸೆಂಟಿಮೀಟರ್ ಅಂತರದಲ್ಲಿ ನಿಂತವರ ವಾದ್ಯದಿಂದ ಮೈಕ್ 20 ಸೆಂಟಿಮೀಟರ್ ಒಳಗಿರಬೇಕು, ವಾದಕ ಅಲುಗಾಡಬಾರದು. ಅಲುಗಾಡದೆ ಈ ಸಂಗೀತವೇ ಇಲ್ಲ.

ಎರಡನೆಯ ಅಭ್ಯಾಸಕ್ಕೆ ನಾನು ಮೈಕ್ ತರಲಿಲ್ಲ; ಕುಳಿತು ನೋಡಿದೆ, ಕೇಳಿದೆ. ತನ್ನ ಸರದಿಯ ವಾದನ ಬಂದಾಗ (ಇವರು ಅದನ್ನು ಬ್ರೇಕ್ ಎನ್ನುತ್ತಾರೆ) ಪಿಟೀಲಿನವರು ಒಂದು ಹೆಜ್ಜೆ ಮುಂದೆ ಬರುತ್ತಿದ್ದರು. ಅದೇ ಗಳಿಗೆಯಲ್ಲಿ ಬ್ಯಾಂಜೊದವರು ಎಡ ಹೆಗಲನ್ನು ಹಿಂದಕ್ಕೆ ತಿರುಗಿಸಿ, ವಾದ್ಯದ ಮುಖವನ್ನು ಕೇಳುಗರಿಂದ ಓರೆಯಾಗಿಸುತ್ತಿದ್ದರು. ತಮಟೆ ಇಲ್ಲದ ಈ ಮೇಳದಲ್ಲಿ ಎರಡನೆಯ ಮತ್ತು ನಾಲ್ಕನೆಯ ಪೆಟ್ಟನ್ನು ಕೊಡುವುದು ಮ್ಯಾಂಡೊಲಿನ್‌ನ ಚಾಪ್, ಅಂದರೆ ತಂತಿಯನ್ನು ಮೀಟಿದ ಮರುಕ್ಷಣವೇ ಬೆರಳು ಸಡಿಲಿಸಿ ನಾದವನ್ನು ಕತ್ತರಿಸುವ ಹೊಡೆತ. ಅದನ್ನು ಕೂಡ ಹಾಡುಗಾರರ ಸದ್ದಿಗೆ ತಕ್ಕಂತೆ ಮ್ಯಾಂಡೊಲಿನ್‌ನವರು ಏರಿಸಿ ಇಳಿಸುತ್ತಿದ್ದರು. ಮೈಕ್‌ಗಳ ಸದ್ದನ್ನು ಬೆರೆಸುವ ಮಿಕ್ಸರ್‌ನಲ್ಲಿ ನಾನು ಮಾಡಬೇಕೆಂದುಕೊಂಡಿದ್ದ ಕೆಲಸವನ್ನೆಲ್ಲ ಮೇಳದವರು ಪಾದಗಳಿಂದಲೇ ಮಾಡಿ ಮುಗಿಸುತ್ತಿದ್ದರು. ರೇಡಿಯೊ ಕಾಲದಲ್ಲಿ, ಬ್ಲೂಗ್ರಾಸ್‌ನ ಜನಕನೆನಿಸಿದ ಬಿಲ್ ಮನ್ರೊ ಮುಂತಾದವರ ಮೇಳಗಳು ಒಂದೇ ಮೈಕ್ ಸುತ್ತ ನಿಂತು ನುಡಿಸಿದ್ದು ಹೀಗೆಯೇ. ನಡುವೆ ಹಿಂದೆ ಸರಿದಿದ್ದ ಆ ಪದ್ಧತಿಯನ್ನು 1990ರ ದಶಕದಲ್ಲಿ ಡೆಲ್ ಮೆಕೋರಿ, ಡಾಯ್ಲ್ ಲಾಸನ್ ಅವರ ಮೇಳಗಳು ಮತ್ತೆ ವೇದಿಕೆಗೆ ತಂದವು.

ಆದ್ದರಿಂದ ನಡುವೆ ಒಂದೇ ಮುಖ್ಯ ಮೈಕ್ ಇಡಲು ತೀರ್ಮಾನಿಸಿ, ಆಡಿಯೊ-ಟೆಕ್ನಿಕಾ 4033 ಎಂಬ ಕಂಡೆನ್ಸರ್ (ಸೂಕ್ಷ್ಮ ಸದ್ದನ್ನೂ ಹಿಡಿಯುವ) ಮೈಕ್ ಅನ್ನು ಆರಿಸಿದೆ. ಅದು ಕಾರ್ಡಿಯಾಯ್ಡ್ ಮಾದರಿಯದು: ಮುಂದಿನ ಅರ್ಧವೃತ್ತವನ್ನು ಅಗಲವಾಗಿ ಹಿಡಿಯುತ್ತದೆ, ನೇರ ಹಿಂಬದಿಗೆ ಬಹುತೇಕ ಕಿವುಡು. ಮೇಳ ಅರ್ಧವೃತ್ತದಲ್ಲಿ ನಿಲ್ಲುವುದರಿಂದ ಮುಂಭಾಗ ಅವರಿಗೆ ಸರಿಹೋಯಿತು, ಹಿಂಭಾಗ ಕೇಳುಗರ ಕೆಮ್ಮು, ಕುರ್ಚಿಗಳ ಕಿರುಗುಟ್ಟುವಿಕೆಯ ಕಡೆಗೆ ಬಿತ್ತು. ಎಲ್ಲ ದಿಕ್ಕಿಗೂ ಸಮನಾಗಿ ಕೇಳುವ ಓಮ್ನಿ ಮೈಕ್‌ನ ಸಹಜತೆ ನನಗೆ ಹೆಚ್ಚು ಇಷ್ಟ, ಆದರೆ ಆ ಸಭಾಂಗಣದ ಗೋಡೆಗಳು ಅದಕ್ಕೆ ಎಡೆಗೊಡಲಿಲ್ಲ.

ಎತ್ತರವನ್ನು ಗೊತ್ತುಮಾಡಲು ಒಂದು ಇಡೀ ಸಂಜೆ ಹಿಡಿಯಿತು. ಬಾಯಿಯ ಮಟ್ಟಕ್ಕೆ ಇಟ್ಟಾಗ ಹಾಡು ಚೊಕ್ಕವಾಗಿ ಬಂದರೂ ಗಿಟಾರ್ ಪಕ್ಕದ ಕೋಣೆಗೆ ಹೋದಂತಾಯಿತು. ಒಂದು ಗೇಣು ಇಳಿಸಿದಾಗ ಬ್ಯಾಂಜೊ ಎಲ್ಲರನ್ನೂ ಮುಳುಗಿಸಿತು. ನಾಲ್ಕು ಬೆರಳಷ್ಟು ಮತ್ತೆ ಮೇಲೇರಿಸಿ, ನೆಲದಿಂದ ಸುಮಾರು 1.4 ಮೀಟರ್‌ಗೆ, ಅಂದರೆ ಕೊರಳ ಎಲುಬಿನ ಮಟ್ಟಕ್ಕೆ ತಂದು ನಿಲ್ಲಿಸಿದಾಗ ಮೂರು ಕಂಠಗಳೂ ಅವುಗಳ ಕೆಳಗೆ ತಂತಿಗಳೂ ತಮ್ಮ ತಮ್ಮ ಜಾಗಕ್ಕೆ ಬಂದವು. ದೂರ 60 ಸೆಂಟಿಮೀಟರ್. ಅದಕ್ಕಿಂತ ಹತ್ತಿರ ಬಂದರೆ ಒಂದು ಹೆಜ್ಜೆಯ ವ್ಯತ್ಯಾಸವೂ ಅತಿಯಾಗುತ್ತದೆ, ಏಕೆಂದರೆ ದೂರ ಅರ್ಧಕ್ಕಿಳಿದರೆ ಸದ್ದು ಸುಮಾರು 6 ಡೆಸಿಬಲ್ ಏರುತ್ತದೆ. ಅಲ್ಲದೆ ಕಾರ್ಡಿಯಾಯ್ಡ್ ಮೈಕ್‌ಗಳು ಹತ್ತಿರದ ಕಂಠಕ್ಕೆ ಇಲ್ಲದ ತಗ್ಗು ಸ್ವರದ ಭಾರವನ್ನೂ ಸೇರಿಸುತ್ತವೆ. ಬ್ಯಾಂಜೊದವರನ್ನು ಅರ್ಧ ಹೆಜ್ಜೆ ಹಿಂದೆ ನಿಲ್ಲಿಸಿ, ಎಲ್ಲರ ಕಾಲಿನ ಗುರುತಿಗೆ ನೆಲದ ಮೇಲೆ ಬಿಳಿ ಪಟ್ಟಿ ಅಂಟಿಸಿದೆ.

ಡಬಲ್ ಬಾಸ್ ಮಾತ್ರ ಈ ಒಂದು ಮೈಕ್‌ಗೆ ದಕ್ಕಲಿಲ್ಲ. ಅದರ ಅತಿ ತಗ್ಗಿನ ತಂತಿಯ ಮೂಲ ಸ್ವರ 41 ಹರ್ಟ್ಸ್. ಒಂದು ಮೀಟರ್ ಹಿಂದೆ ನಿಂತ ವಾದ್ಯದಿಂದ ಸ್ವರದ ಗಡಿಗಳು ಮಸುಕಾಗಿ ಬರೀ ಗುಂಯ್‌ಗುಡುವಿಕೆ ಉಳಿಯಿತು. ಒಂದು ಚಿಕ್ಕ ಓಮ್ನಿ ಮೈಕ್‌ಗೆ ಸ್ಪಂಜು ಸುತ್ತಿ, ಕುದುರೆಯ (ತಂತಿಗಳನ್ನು ಹೊರುವ ಮರದ ತುಂಡಿನ) ಕೆಳಗೆ ತಂತಿಗಳ ಹಿಂಬದಿಯಲ್ಲಿ ಸಿಕ್ಕಿಸಿದೆ. ಓಮ್ನಿಗೆ ಹತ್ತಿರದ ಭಾರ ಸೇರಿಸುವ ಗುಣವಿಲ್ಲದ್ದರಿಂದ ಬೆರಳು ತಂತಿಯನ್ನು ಬಿಡುವ ಮೃದು ಸದ್ದು ಕೂಡ ನಿಚ್ಚಳವಾಗಿ ದೊರೆಯಿತು.

ಕೋಣೆಯ ಅನುರಣನವೂ ಬೇಕೆಂದು ಕಲಾವಿದರಿಂದ 2.4 ಮೀಟರ್ ದೂರದಲ್ಲಿ, ತಲೆಗಿಂತ ಎತ್ತರದಲ್ಲಿ, ನ್ಯೂಮನ್ ಕೆಎಂ 184 ಎಂಬ ಮೈಕ್‌ಗಳ ಜೋಡಿಯನ್ನು ಓಆರ್‌ಟಿಎಫ್ ಪದ್ಧತಿಯಲ್ಲಿ ನಿಲ್ಲಿಸಿದೆ: ಎರಡು ಮೈಕ್‌ಗಳ ನಡುವೆ 17 ಸೆಂಟಿಮೀಟರ್, ಕೋನ 110 ಡಿಗ್ರಿ. ಫ್ರಾನ್ಸಿನ ಪ್ರಸಾರಕರು ರೂಢಿಗೆ ತಂದ ಈ ಅಳತೆ ಕಿವಿಗಳ ನಡುವಿನ ಅಂತರಕ್ಕೆ ಹತ್ತಿರವಾದದ್ದು. ಮುಖ್ಯ ಮೈಕ್‌ಗಿಂತ 1.8 ಮೀಟರ್ ಹಿಂದಿರುವ ಈ ಜೋಡಿಗೆ ನಾದ 5 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ಆದುದರಿಂದ ಮಿಶ್ರಣದಲ್ಲಿ ಮುಖ್ಯ ಮೈಕ್ ಅನ್ನು 5, ಜೋಡಿಯಿಂದ ಇನ್ನೂ ದೂರದಲ್ಲಿದ್ದ ಬಾಸ್ ಮೈಕ್ ಅನ್ನು 10 ಮಿಲಿಸೆಕೆಂಡ್ ತಡವಾಗಿಸಿದೆ. ಅಲ್ಲಿಯವರೆಗೆ ಬಿಡಿಬಿಡಿಯಾಗಿದ್ದ ಬಾಸ್ ಆಗ ಮೇಳದೊಳಗೆ ಬಂದು ನಿಂತಿತು.

ಕಾರ್ಯಕ್ರಮದ ದಿನ ಮಧ್ಯಾಹ್ನ ಒಂದು ತೊಂದರೆ ಎದುರಾಯಿತು. ಗಿಟಾರ್‌ನವರು ತಾಳಕ್ಕೆ ಬಲಗಾಲನ್ನು ಕುಟ್ಟುತ್ತಾರೆ. ಮರದ ನೆಲದ ಮೂಲಕ ಆ ಪೆಟ್ಟು ಮೈಕ್ ಕಂಬವನ್ನೇರಿ ಪ್ರತಿ ಬಾರಿಯೂ ದೊಡ್ಡ ದಬ್ ಎಂದು ದಾಖಲಾಗುತ್ತಿತ್ತು. ಕಾಲು ಕುಟ್ಟಬೇಡಿ ಎಂದು ಹೇಳಲು ನನಗೆ ಮನಸ್ಸಾಗಲಿಲ್ಲ, ಅವರ ಲಯ ಇರುವುದೇ ಅಲ್ಲಿ. ಕಂಬದ ಕೆಳಗೆ ದಪ್ಪ ರಬ್ಬರ್ ಹಾಸನ್ನೂ ಅದರ ಮೇಲೆ ಮಡಿಸಿದ ಟವೆಲನ್ನೂ ಹಾಕಿ, ಮುಖ್ಯ ಮೈಕ್‌ಗೆ 80 ಹರ್ಟ್ಸ್‌ನ ಕೆಳಗಿನದನ್ನು ತಡೆಯುವ ಸೋಸುಗವನ್ನು ಹಚ್ಚಿದೆ. ಆ ತಗ್ಗಿನ ಕೆಲಸವನ್ನು ಬಾಸ್ ಮೈಕ್ ನೋಡಿಕೊಳ್ಳುತ್ತಿದ್ದುದರಿಂದ ನಷ್ಟವೇನೂ ಆಗಲಿಲ್ಲ. ಹಾಡುಗಳ ನಡುವೆ ಗುಂಯ್‌ಗುಡುತ್ತಿದ್ದ ಹೀಟರ್ ಅನ್ನು ವ್ಯವಸ್ಥಾಪಕರ ಒಪ್ಪಿಗೆ ಪಡೆದು ಆರಿಸಿದೆವು. ಮುದ್ರಣವನ್ನು 24 ಬಿಟ್, 48 ಕಿಲೊಹರ್ಟ್ಸ್‌ನಲ್ಲಿ, ಅತಿ ಜೋರಿನ ಭಾಗವೂ ಗರಿಷ್ಠ ಮಟ್ಟಕ್ಕಿಂತ 12 ಡೆಸಿಬಲ್ ಕೆಳಗಿರುವಂತೆ ಹೊಂದಿಸಿದ್ದೆ. ಜನ ಸೇರಿದ ಮೇಲೆ ಮೇಳ ಅಭ್ಯಾಸಕ್ಕಿಂತ ಗಟ್ಟಿಯಾಗಿಯೇ ನುಡಿಸಿತು, ಆ ಅಂತರ ಕೈಹಿಡಿಯಿತು.

ಮುದ್ರಣದಲ್ಲಿ ನನಗೆ ಸಮಾಧಾನ ಕೊಡದ ಒಂದೇ ಭಾಗ ಗಿಟಾರ್‌ನ ಬ್ರೇಕ್. ಐದರಲ್ಲಿ ಅತ್ಯಂತ ಮೆದುವಾದ ಆ ವಾದ್ಯ, ಮುಂದೆ ಬಂದರೂ ಮ್ಯಾಂಡೊಲಿನ್‌ನ ಚಾಪ್‌ನ ಹಿಂದೆ ಸರಿದಂತೆ ಕೇಳುತ್ತದೆ. ಮಿಶ್ರಣದಲ್ಲಿ ಅದನ್ನು ಏರಿಸಲು ಹೋದರೆ ಎಲ್ಲವೂ ಜೊತೆಗೇ ಏರುತ್ತದೆ. ಮುಂದಿನ ಕಾರ್ಯಕ್ರಮದಲ್ಲಿ ಮೈಕ್‌ನಿಂದ 30 ಸೆಂಟಿಮೀಟರ್ ದೂರಕ್ಕೆ ಕೆಂಪು ಪಟ್ಟಿಯೊಂದನ್ನು ಅಂಟಿಸಿ, ಬ್ರೇಕ್ ಬಂದಾಗ ಅಲ್ಲಿ ನಿಂತು, ಗಿಟಾರ್‌ನ ಬಾಯಿ ಮೈಕ್‌ಗೆ ಎದುರಾಗದೆ ಹನ್ನೆರಡನೆಯ ಫ್ರೆಟ್ (ಕತ್ತಿನ ಮೇಲಿನ ಅಡ್ಡ ಗೆರೆ) ಎದುರಾಗುವಂತೆ ವಾದ್ಯವನ್ನು ಎದೆಯವರೆಗೆ ಎತ್ತಿ ಹಿಡಿಯಬೇಕೆಂದು ಅವರನ್ನು ಕೇಳಿಕೊಂಡೆ. ಅವರು ಎರಡೇ ಅಭ್ಯಾಸದಲ್ಲಿ ಅದನ್ನು ರೂಢಿಸಿಕೊಂಡರು.