ಮೈಸೂರಿನ ಭಾನುವಾರದ ಸೈಕಲ್ ಗುಂಪು ಮತ್ತು ನಾನು

ಸೈಕಲ್ ಕ್ಲಬ್ ಸೇರಬೇಕು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇಷ್ಟೇ: ಮುಂದೆ ಹೋಗುವವರ ವೇಗ ನೋಡಿ ಮರುಳಾಗಬೇಡಿ, ಹಿಂದೆ ಉಳಿದವರನ್ನು ಆ ಗುಂಪು ಹೇಗೆ ನೋಡಿಕೊಳ್ಳುತ್ತದೆ ನೋಡಿ. ಮೈಸೂರಿನಲ್ಲಿ ಬೆಳಗಿನ ಹೊತ್ತು ಸೈಕಲ್ ತುಳಿಯುವವರಿಗೆ ಕೊರತೆಯಿಲ್ಲ. ಚಾಮುಂಡಿ ಬೆಟ್ಟ ಹತ್ತುವವರಿದ್ದಾರೆ, ರಿಂಗ್ ರೋಡಿನಲ್ಲಿ ಜೋರಾಗಿ ಹೋಗುವವರಿದ್ದಾರೆ, ಕುಕ್ಕರಹಳ್ಳಿ ಕೆರೆ ಕಡೆ ಸೇರಿ ಆರಾಮಾಗಿ ಒಂದು ಸುತ್ತು ಹಾಕುವವರೂ ಇದ್ದಾರೆ. ಆದರೆ ಹೊಸಬರಿಗೆ ಎಲ್ಲ ಗುಂಪೂ ಒಗ್ಗುವುದಿಲ್ಲ.

ನಾನು ನಲವತ್ತು ದಾಟಿದ ಮೇಲೆ ಮತ್ತೆ ಸೈಕಲ್ ಹಿಡಿದವಳು. ನನ್ನದು 21 ಗೇರಿನ ಸಾಮಾನ್ಯ ಹೈಬ್ರಿಡ್ ಸೈಕಲ್. ಒಬ್ಬಳೇ ಹೋಗುತ್ತಿದ್ದಾಗ ಊರು ಬಿಟ್ಟು ಆಚೆ ಹೋಗುತ್ತಿರಲಿಲ್ಲ. ಪಂಕ್ಚರ್ ಆದರೆ ಏನು ಮಾಡೋದು, ನಾಯಿ ಅಟ್ಟಿಸಿಕೊಂಡು ಬಂದರೆ ಏನು ಮಾಡೋದು ಅನ್ನುವ ಯೋಚನೆ. ಕೊನೆಗೆ ಒಂದು ಕ್ಲಬ್ಬಿನವರಿಗೆ ಫೋನ್ ಮಾಡಿ ನೇರವಾಗಿ ಕೇಳಿದೆ: ಎಷ್ಟು ವೇಗದಲ್ಲಿ ಹೋಗುತ್ತೀರಿ, ಹಿಂದೆ ಉಳಿದವರಿಗೆ ಕಾಯುತ್ತೀರಾ, ಹೆಂಗಸರು ಬರುತ್ತಾರಾ? "ಸರಾಸರಿ ಹದಿನೆಂಟು ಮೇಡಂ. ಯಾರನ್ನೂ ಬಿಟ್ಟು ಹೋಗಲ್ಲ, ಕೊನೇಲಿ ನಮ್ಮವರೊಬ್ಬರು ಇದ್ದೇ ಇರ್ತಾರೆ. ಸುಮ್ನೆ ಬನ್ನಿ" ಅಂದರು. ಆ ಉತ್ತರ ನನಗೆ ಹಿಡಿಸಿತು.

ಈ ಸರಾಸರಿ ವೇಗದ ಲೆಕ್ಕವನ್ನು ಹೊಸಬರು ಚೆನ್ನಾಗಿ ತಿಳಿದುಕೊಳ್ಳಬೇಕು. ಸರಾಸರಿ ಗಂಟೆಗೆ 20 ಕಿ.ಮೀ. ಅಂದರೆ ಒಂದೇ ಸಮ 20ರಲ್ಲಿ ಹೋಗುವುದಲ್ಲ. ಹಂಪ್, ಸಿಗ್ನಲ್, ತಿರುವು ಎಲ್ಲ ಸೇರಿ ಆ ಸರಾಸರಿ ಬರುತ್ತದೆ. ಸಮತಟ್ಟು ರಸ್ತೆಯಲ್ಲಿ 24-25 ತುಳಿದರೇ ಅಷ್ಟಾಗುವುದು. ಹಾಗಾಗಿ ನೀವು ಒಬ್ಬರೇ ಹೋದಾಗ ಒಂದು ಗಂಟೆಯಲ್ಲಿ ಎಷ್ಟು ದೂರ ಹೋಗುತ್ತೀರಿ ಅಂತ ಮೊದಲು ನೋಡಿಕೊಂಡು, ಅದಕ್ಕೆ ಹತ್ತಿರದ ಗುಂಪನ್ನು ಆರಿಸಿಕೊಳ್ಳುವುದು ವಾಸಿ.

ನಮ್ಮ ಗುಂಪಿನ ಅಚ್ಚುಮೆಚ್ಚಿನ ದಾರಿ ಕೆಆರ್‌ಎಸ್ ರಸ್ತೆಯದು. ಬೆಳಕು ಹರಿಯುವ ಮುಂಚೆ ಮೈಸೂರು ಬಿಟ್ಟು ಬೆಳಗೊಳದ ತನಕ ಹೋಗುತ್ತೇವೆ. ಅಲ್ಲಿಂದ ಬಲಕ್ಕೆ ಪಾಲಹಳ್ಳಿ, ರಂಗನತಿಟ್ಟು ಕಡೆ ತಿರುಗಿ, ಶ್ರೀರಂಗಪಟ್ಟಣ ಮುಟ್ಟಿ ವಾಪಸ್ಸು. ಎಲ್ಲಿಂದ ಹೊರಟಿರಿ ಅನ್ನುವುದರ ಮೇಲೆ 40 ಕಿ.ಮೀ. ಆಸುಪಾಸು ಆಗುತ್ತದೆ. ದೊಡ್ಡ ಏರಿಲ್ಲ. ಕಬ್ಬಿನ ಗದ್ದೆ, ಭತ್ತದ ಗದ್ದೆ, ನಾಲೆ, ಮೇಲೆ ಹಾರುವ ಕೊಕ್ಕರೆಗಳು. ವಾಪಸ್ಸು ಬರುವಾಗ ಮಾತ್ರ ಹುಷಾರಾಗಿರಬೇಕು. ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ಬೈಕು, ಆಟೋಗಳನ್ನೂ ಬಿಡುತ್ತಿಲ್ಲ, ಸೈಕಲ್ಲಂತೂ ಇಲ್ಲವೇ ಇಲ್ಲ. ನಮಗೇನಿದ್ದರೂ ಸರ್ವೀಸ್ ರಸ್ತೆ. ಅಲ್ಲಿ ಎದುರಿನಿಂದ ತಪ್ಪು ದಿಕ್ಕಿನಲ್ಲಿ ಗಾಡಿಗಳು ಬರುತ್ತವೆ. ಅದಕ್ಕೇ ಆ ಭಾಗದಲ್ಲಿ ಜೋಡಿಯಾಗಿ ಹೋಗುವುದು ನಿಲ್ಲಿಸಿ ಒಬ್ಬರ ಹಿಂದೊಬ್ಬರು ಸಾಲು ಹಿಡಿಯುತ್ತೇವೆ.

ಸಾಲು ಹಿಡಿಯುವುದು ಒಂದು ಕಲೆ. ಇದನ್ನು ಯಾರಾದರೂ ಜೊತೆಗಿದ್ದು ಕಲಿಸಬೇಕು. ಗಂಟೆಗೆ 25 ಕಿ.ಮೀ. ದಾಟಿದರೆ ನಮ್ಮ ಶ್ರಮದಲ್ಲಿ ಹೆಚ್ಚಿನ ಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ಮುಂದಿನವರ ಹಿಂದೆ ಹತ್ತಿರವಾಗಿ ಹೋದರೆ ಆ ಗಾಳಿಯನ್ನು ಅವರು ತಡೆಯುತ್ತಾರೆ, ನಮ್ಮ ಕಾಲಿಗೆ ಭಾರ ಕಡಿಮೆಯಾಗುತ್ತದೆ. ಆದರೆ ತೀರಾ ಹತ್ತಿರ ಹೋಗಬಾರದು. ಹೊಸಬರು ಒಂದು ಸೈಕಲ್ಲಿನಷ್ಟು ಜಾಗ ಬಿಟ್ಟರೇ ಒಳ್ಳೆಯದು. ಅದಕ್ಕಿಂತ ಮುಖ್ಯವಾದದ್ದು, ನಿಮ್ಮ ಮುಂದಿನ ಚಕ್ರ ಅವರ ಹಿಂದಿನ ಚಕ್ರದ ಪಕ್ಕಕ್ಕೆ ಬರಬಾರದು. ಅವರು ಸ್ವಲ್ಪ ಪಕ್ಕಕ್ಕೆ ಸರಿದರೂ ಎರಡು ಚಕ್ರ ತಾಗುತ್ತವೆ. ಆಗ ಬೀಳುವುದು ಬಹುಪಾಲು ಹಿಂದಿನವರೇ.

ಸಾಲಿನಲ್ಲಿ ನಿಧಾನದವರನ್ನು ಎಲ್ಲಿ ಹಾಕಬೇಕು ಅನ್ನುವುದು ನಮ್ಮ ಗುಂಪಿನ ಹಿರಿಯ ಸವಾರರೊಬ್ಬರಿಂದ ನಾನು ಕಲಿತ ದೊಡ್ಡ ಪಾಠ. ನಿಧಾನವಾಗಿ ತುಳಿಯುವವರು ಕೊನೆಯಲ್ಲಿ ಬರಲಿ ಅಂತ ಎಲ್ಲರಿಗೂ ಅನ್ನಿಸುತ್ತದೆ. ಅದು ಉಲ್ಟಾ. ಗುಂಪು ಒಂದು ಹಂಪ್ ದಾಟುವಾಗ ಮುಂದಿನವರು ಬ್ರೇಕ್ ಹಿಡಿದು, ದಾಟಿ, ಮತ್ತೆ ವೇಗ ತೆಗೆದುಕೊಳ್ಳುತ್ತಾರೆ. ಅಷ್ಟರಲ್ಲಿ ಕೊನೆಯವರು ಇನ್ನೂ ಹಂಪಿನ ಮೇಲೇ ಇರುತ್ತಾರೆ. ಮಧ್ಯದಲ್ಲಿ ದೊಡ್ಡ ಖಾಲಿ ಜಾಗ ಬೀಳುತ್ತದೆ, ಅದನ್ನು ತುಂಬಲು ಅವರು ಜೋರಾಗಿ ತುಳಿಯಬೇಕು. ನಮ್ಮೂರ ರಸ್ತೆಗಳಲ್ಲಿ ಎಷ್ಟು ಹಂಪ್ ಇವೆ ಅಂತ ನಿಮಗೇ ಗೊತ್ತು. ಎಲ್ಲರಿಗಿಂತ ಕಡಿಮೆ ಶಕ್ತಿ ಇರುವವರಿಗೆ ಎಲ್ಲರಿಗಿಂತ ಜಾಸ್ತಿ ಕೆಲಸ ಆಗುತ್ತದೆ. ಅದಕ್ಕೆ ಆ ಹಿರಿಯರು ನನ್ನನ್ನು ಕರೆದು ಮುಂದಾಳಿನ ಹಿಂದೆಯೇ, ಎರಡನೆಯವಳಾಗಿ ನಿಲ್ಲಿಸಿದರು. "ನೀವು ಇಲ್ಲಿರಿ ಮೇಡಂ. ನಿಮ್ಮ ಉಸಿರಿನ ಸದ್ದು ಕೇಳಿಸಿದರೆ ಮುಂದಿರೋರು ನಿಧಾನ ಮಾಡ್ತಾರೆ." ಅವತ್ತಿನಿಂದ ನನಗೆ ಗುಂಪು ಸವಾರಿ ಸುಲಭವಾಯಿತು.

ಕೊನೆಯಲ್ಲಿ ಬರುವವರಿಗೆ ನಮ್ಮಲ್ಲಿ ಸ್ವೀಪ್ ಅಂತಾರೆ. ಗಟ್ಟಿ ಸವಾರರೇ ಆ ಕೆಲಸ ಮಾಡಬೇಕು. ಪಂಪ್, ಟ್ಯೂಬ್, ಟೈರ್ ಬಿಚ್ಚುವ ಲಿವರ್ ಅವರ ಹತ್ತಿರ ಇರುತ್ತದೆ, ಎಲ್ಲರ ಫೋನ್ ನಂಬರೂ ಇರುತ್ತದೆ. ಅವರನ್ನು ದಾಟಿ ಯಾರೂ ಹಿಂದೆ ಉಳಿಯುವ ಹಾಗಿಲ್ಲ. ಮುಂದಿನವರು ತಿರುವುಗಳಲ್ಲಿ ನಿಂತು ಕಾಯುತ್ತಾರೆ. ಆದರೆ ಕಾಯುವುದಕ್ಕೂ ಒಂದು ರೀತಿ ಇದೆ. ಕೆಲವು ಕಡೆ ನಾನು ನೋಡಿದ್ದೇನೆ, ಮುಂದೆ ಹೋದವರು ಹತ್ತು ನಿಮಿಷ ನೀರು ಕುಡಿದು, ಹರಟೆ ಹೊಡೆದು, ಕೊನೆಯವರು ಬಂದು ಕಾಲು ಊರಿದ ತಕ್ಷಣ "ಸರಿ, ಹೊರಡೋಣ" ಅಂತಾರೆ. ಎಲ್ಲರಿಗಿಂತ ದಣಿದವರಿಗೆ ವಿಶ್ರಾಂತಿಯೇ ಇಲ್ಲ! ನಮ್ಮಲ್ಲಿ ಕೊನೆಯವರು ಬಂದ ಮೇಲೂ ಐದು ನಿಮಿಷ ನಿಲ್ಲುತ್ತೇವೆ. ಅವರು ಬಾಳೆಹಣ್ಣು ತಿಂದು, ನೀರು ಕುಡಿದು, "ಹೋಗೋಣ" ಅಂದ ಮೇಲೇ ಪೆಡಲ್ ಮೇಲೆ ಕಾಲು. ನಾನು ಈ ಕ್ಲಬ್ಬಿನಲ್ಲಿ ಉಳಿದದ್ದಕ್ಕೆ ಈ ಐದು ನಿಮಿಷವೇ ಕಾರಣ ಅಂದರೂ ತಪ್ಪಿಲ್ಲ.

ಕೈಸನ್ನೆಗಳು ಬೇಗ ಬರುತ್ತವೆ. ಗುಂಡಿ ಇದ್ದರೆ ಆ ಕಡೆಯ ಕೈಯಿಂದ ನೆಲ ತೋರಿಸಬೇಕು. ಎಡಗಡೆ ಗಾಡಿ ನಿಂತಿದ್ದರೆ ಎಡಗೈಯನ್ನು ಬೆನ್ನ ಹಿಂದೆ ತಂದು ಬಲಕ್ಕೆ ಬೀಸಬೇಕು. ಬ್ರೇಕ್ ಮೇಲಿನ ಕೈ ತೆಗೆಯಲು ಆಗದಿದ್ದರೆ ಬಾಯಲ್ಲಿ ಕೂಗಿದರೆ ಸಾಕು: "ಹಂಪ್!", "ಗುಂಡಿ!", "ಹಿಂದೆ ಬಸ್!" ಮುಂದಿನವರು ಕೂಗಿದ್ದನ್ನು ಪ್ರತಿಯೊಬ್ಬರೂ ಹಿಂದಕ್ಕೆ ದಾಟಿಸಬೇಕು, ಮಧ್ಯದಲ್ಲಿ ನಿಲ್ಲಬಾರದು.

ನಮ್ಮ ಕಡೆಯ ರಸ್ತೆಗಳಲ್ಲಿ ಇನ್ನೂ ಕೆಲವು ವಿಷಯಗಳಿವೆ. ಸುಗ್ಗಿ ಕಾಲದಲ್ಲಿ ಹಳ್ಳಿಯವರು ಹುರುಳಿ, ರಾಗಿಯನ್ನು ಒಕ್ಕಲು ರಸ್ತೆ ಮೇಲೇ ಹರಡಿರುತ್ತಾರೆ. ತೆಳು ಟೈರಿನ ಸೈಕಲ್ ಅದರ ಮೇಲೆ ಜಾರುತ್ತದೆ. ಹುಲ್ಲು ಚಕ್ರಕ್ಕೂ ಗೇರಿಗೂ ಸುತ್ತಿಕೊಳ್ಳುತ್ತದೆ. ಇಳಿದು ತಳ್ಳಿಕೊಂಡು ಹೋಗುವುದೇ ಸರಿ. ಕಬ್ಬು ಹೇರಿದ ಟ್ರ್ಯಾಕ್ಟರಿನ ಹಿಂದೆ ಹತ್ತಿರ ಹೋಗಬೇಡಿ, ಕಬ್ಬಿನ ತುದಿಗಳು ಹೊರಗೆ ಚಾಚಿರುತ್ತವೆ. ನಾಯಿ ಬಂದರೆ ಗುಂಪಿನಲ್ಲಿ ಯಾರೂ ದಿಕ್ಕೆಟ್ಟು ಓಡಬಾರದು. ನಿಧಾನ ಮಾಡಿ ಗದರಿದರೆ ಬಹುಪಾಲು ನಾಯಿಗಳು ನಿಲ್ಲುತ್ತವೆ. ಬಿಡದಿದ್ದರೆ ಇಳಿದು, ಸೈಕಲ್ಲನ್ನು ನಾಯಿಗೂ ನಮಗೂ ನಡುವೆ ಇಟ್ಟುಕೊಂಡು ನಡೆಯುತ್ತೇವೆ.

ಆಷಾಢದ ಗಾಳಿ ಇನ್ನೊಂದು. ಮುಂಗಾರಿನಲ್ಲಿ ಗಾಳಿ ಪಶ್ಚಿಮದಿಂದ ಬೀಸುತ್ತದೆ. ಅದಕ್ಕೆ ಆ ತಿಂಗಳುಗಳಲ್ಲಿ ಹುಣಸೂರು ರಸ್ತೆಯೋ ಕೆಆರ್‌ಎಸ್ ರಸ್ತೆಯೋ ಹಿಡಿಯುತ್ತೇವೆ. ಕಾಲಲ್ಲಿ ಕಸುವು ಇರುವಾಗಲೇ ಎದುರುಗಾಳಿ ಮುಗಿದುಹೋಗುತ್ತದೆ, ವಾಪಸ್ಸು ಬರುವಾಗ ಗಾಳಿಯೇ ಬೆನ್ನು ತಳ್ಳುತ್ತದೆ. ದಾರಿ ಗೊತ್ತುಮಾಡುವವರಿಗೆ ಇದು ಗೊತ್ತಿದ್ದರೆ ಹೊಸಬರ ಅರ್ಧ ಕಷ್ಟ ಕಳೆದಂತೆ.

ಹೆಂಗಸರಿಗೆ ಒಂದು ಮಾತು. ಟಾಯ್ಲೆಟ್ ಎಲ್ಲಿದೆ ಅಂತ ಹೊರಡುವ ಮುಂಚೆಯೇ ಕೇಳಿ, ನಾಚಿಕೆ ಬೇಡ. ನಮ್ಮ ಗುಂಪಿನಲ್ಲಿ ಈಗ ಯಾವ ದಾರಿಯಲ್ಲಿ ಯಾವ ಪೆಟ್ರೋಲ್ ಬಂಕ್, ಯಾವ ಹೋಟೆಲ್ ಬೆಳಗ್ಗೆ ಬೇಗ ತೆರೆದಿರುತ್ತದೆ ಅಂತ ನೋಡಿಕೊಂಡೇ ನಿಲ್ಲುವ ಜಾಗ ಗೊತ್ತುಮಾಡುತ್ತಾರೆ. ನಾವು ಕೇಳಿದ ಮೇಲೆ ಬಂದ ಬದಲಾವಣೆ ಇದು. ಇದಾದ ಮೇಲೆ ಹೆಂಗಸರು ಜಾಸ್ತಿ ಬರುತ್ತಿದ್ದಾರೆ. ಟಾಯ್ಲೆಟ್ ಸಿಗುವುದಿಲ್ಲ ಅಂತ ನೀರು ಕುಡಿಯದೆ ಸೈಕಲ್ ತುಳಿಯುವುದು ಬಹಳ ಕೆಟ್ಟದ್ದು, ದಯವಿಟ್ಟು ಹಾಗೆ ಮಾಡಬೇಡಿ.

ಚಾಮುಂಡಿ ಬೆಟ್ಟದ ಬಗ್ಗೆ ಎಲ್ಲರೂ ಕೇಳುತ್ತಾರೆ. ಊರಿನಿಂದ ಸುಮಾರು 300 ಮೀಟರ್ ಮೇಲಕ್ಕೆ ಏರಬೇಕು. ಏರಿನಲ್ಲಿ ಸಾಲು ಬೇಡ. ವೇಗ ಕಡಿಮೆ ಇರುವುದರಿಂದ ಗಾಳಿಯ ಲೆಕ್ಕ ಅಲ್ಲಿ ಅಷ್ಟಾಗಿ ಬರುವುದಿಲ್ಲ. ಒಬ್ಬೊಬ್ಬರೂ ತಮ್ಮ ಉಸಿರಿಗೆ ತಕ್ಕ ಹಾಗೆ, ಹಗುರ ಗೇರಿನಲ್ಲಿ ಹತ್ತಿ ಮೇಲೆ ಸೇರುತ್ತೇವೆ. ಹತ್ತುವುದಕ್ಕಿಂತ ಇಳಿಯುವಾಗ ಜಾಸ್ತಿ ಎಚ್ಚರ ಬೇಕು. ತಿರುವಿನಲ್ಲಿ ಬಸ್ಸು, ರಸ್ತೆ ಮೇಲೆ ಕೋತಿಗಳು. ಇಳಿಜಾರಿನಲ್ಲಿ ಒಬ್ಬರಿಗೊಬ್ಬರು ಬಹಳ ದೂರ ಬಿಟ್ಟು, ಎರಡೂ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯುತ್ತಾ ಬರಬೇಕು. ಆಷಾಢ ಶುಕ್ರವಾರಗಳಂದು ಬೆಟ್ಟದ ಮಾತೇ ಎತ್ತುವುದಿಲ್ಲ, ಅವತ್ತು ಆ ದಾರಿ ಭಕ್ತರದು.

ನಮ್ಮಲ್ಲಿ ಕೆಲವರು ಬ್ರೆವೆ ಅನ್ನುವ, ಗೊತ್ತಾದ ಸಮಯದೊಳಗೆ ಮುಗಿಸುವ ದೂರದ ಸವಾರಿಗೂ ಹೋಗುತ್ತಾರೆ. 200 ಕಿ.ಮೀ. ದೂರವನ್ನು 13 ಗಂಟೆ 30 ನಿಮಿಷದೊಳಗೆ ಮುಗಿಸುವುದು ಅದರ ಮೊದಲ ಮೆಟ್ಟಿಲು. ಅದು ಪಂದ್ಯವಲ್ಲ, ಯಾರು ಮೊದಲು ಬಂದರು ಅನ್ನುವ ಲೆಕ್ಕ ಇಲ್ಲ. ಈಗ ನಾನೂ ಅದಕ್ಕೆ ತಯಾರಾಗುತ್ತಿದ್ದೇನೆ. ಭಾನುವಾರದ ಸವಾರಿ ಬಿಟ್ಟಿಲ್ಲ, ಆಗಾಗ ಸ್ವೀಪ್ ಕೆಲಸವೂ ನನ್ನ ಪಾಲಿಗೆ ಬರುತ್ತದೆ. ಮೊದಲ ಸಲ ಬರುವವರಿಗೆ ಹೆಲ್ಮೆಟ್, ಹಿಂದೆ ಕೆಂಪು ಲೈಟು, ತಮ್ಮ ಚಕ್ರದ ಅಳತೆಯ ಒಂದು ಟ್ಯೂಬು, ನೀರು, ಎರಡು ಬಾಳೆಹಣ್ಣು ಇದ್ದರೆ ಸಾಕು. ಪಂಪ್ ನಾನು ತಂದಿರುತ್ತೇನೆ.